ಡನ್‌ಲೂಸ್ ಕೋಟೆಯನ್ನು ಕೆಡವಿದ್ದು ಕಡಲೇ?

ಉತ್ತರ ಐರ್ಲೆಂಡಿನ ಆ್ಯಂಟ್ರಿಮ್ ಕರಾವಳಿಯಲ್ಲಿ ಪಾಳುಬಿದ್ದು ನಿಂತಿರುವ ಡನ್‌ಲೂಸ್ ಕೋಟೆಯ ಮಾತು ಬಂದರೆ ಸಾಕು, ಅಡುಗೆಮನೆಯ ಕಥೆ ಬೆನ್ನಿಗೇ ಬರುತ್ತದೆ. 1639ರ ಒಂದು ರಾತ್ರಿ. ಹೊರಗೆ ಬಿರುಗಾಳಿ. ಒಳಗೆ ಆ್ಯಂಟ್ರಿಮ್‌ನ ಎರಡನೆಯ ಅರ್ಲ್ (ಅರಸ ಕೊಡುವ ಒಂದು ಉನ್ನತ ಪದವಿ) ಮತ್ತು ಅವನ ಹೆಂಡತಿ ಊಟಕ್ಕೆ ಕಾದು ಕುಳಿತಿದ್ದಾರೆ. ಇದ್ದಕ್ಕಿದ್ದಂತೆ ಕೋಟೆಯ ಒಂದು ಮಗ್ಗುಲು ಬಂಡೆಯ ಸಮೇತ ಕಿತ್ತುಕೊಂಡು ಸಮುದ್ರಕ್ಕೆ ಬೀಳುತ್ತದೆ. ಅಡುಗೆಮನೆ, ಒಲೆ, ಅಡುಗೆಯವರು ಎಲ್ಲ ನೀರುಪಾಲು. ಉಳಿದವನು ಒಬ್ಬನೇ, ಮೂಲೆಯಲ್ಲಿ ಕುಳಿತಿದ್ದ ಅಡುಗೆಯ ಹುಡುಗ. ಕೆಲವರ ಬಾಯಲ್ಲಿ ಅವನು ಹುಡುಗನಲ್ಲ, ಪಾತ್ರೆ ರಿಪೇರಿಗೆಂದು ಬಂದಿದ್ದ ತಿರುಗಾಡಿ ಕಸುಬಿನವ. ಈ ಮನೆಯಲ್ಲಿ ಇನ್ನೊಂದು ರಾತ್ರಿ ಇರಲಾರೆ ಎಂದು ಯಜಮಾನಿ ಹಟ ಹಿಡಿದಳಂತೆ. ಕೋಟೆ ಖಾಲಿಯಾಯಿತು, ಪಾಳುಬಿತ್ತು.

ಕೇಳಲು ಪೂರ್ತಿಯಾಗಿರುವ ಕಥೆ. ಕಾರಣವಿದೆ, ತೇದಿಯಿದೆ, ಸಾಕ್ಷಿಗೆ ಬದುಕುಳಿದವನೊಬ್ಬನಿದ್ದಾನೆ. ತೊಡಕು ಒಂದೇ: ಆ ಅಡುಗೆಮನೆ ಇವತ್ತಿಗೂ ಅಲ್ಲೇ ಇದೆ. ಅರ್ಲ್‌ನ ಮನೆಯ ಪಕ್ಕದಲ್ಲಿ ಅದರ ಒಲೆಗೂಡು, ರೊಟ್ಟಿ ಬೇಯಿಸುವ ಗೂಡು, ಬಾಗಿಲುಗಳನ್ನು ಹೋದವರೆಲ್ಲ ನೋಡಿ ಬರಬಹುದು.

ಹಾಗಾದರೆ ಈ ಕೋಟೆ ಪಾಳುಬಿದ್ದದ್ದು ಹೇಗೆ? ಈ ಪ್ರಕರಣವನ್ನು ಆರಿಸಿಕೊಂಡದ್ದು ಈ ಪ್ರಶ್ನೆಗಾಗಿಯೇ. ಕಡಲಂಚಿನ ಪಾಳುಕೋಟೆ ಕಂಡಾಗ ನಮ್ಮ ಕಣ್ಣು ಮೊದಲು ಅಲೆಯ ಕಡೆ ಹೋಗುತ್ತದೆ. ಡನ್‌ಲೂಸ್‌ನಲ್ಲಿ ಉತ್ತರ ಇರುವುದು ಬಹುಪಾಲು ಎದುರು ದಿಕ್ಕಿನಲ್ಲಿ, ನೆಲದ ಕಡೆ, ಹುಲ್ಲು ಬೆಳೆದ ಒಂದು ಬಯಲಿನಲ್ಲಿ ಮತ್ತು ಒಂದು ಮನೆತನದ ಕಾಗದಪತ್ರಗಳಲ್ಲಿ.

ಜಾಗದ ಗುಣ

ಪೋರ್ಟ್‌ರಷ್ ಮತ್ತು ಪೋರ್ಟ್‌ಬ್ಯಾಲಿಂಟ್ರೇ ಊರುಗಳ ನಡುವೆ, ಕರಾವಳಿ ರಸ್ತೆಗೆ ತಾಗಿದಂತೆ, ಕಪ್ಪು ಬಸಾಲ್ಟಿನ ಒಂದು ಬಂಡೆ ಸಮುದ್ರಕ್ಕೆ ಚಾಚಿ ನಿಂತಿದೆ. ಮೂರು ಕಡೆ ನೇರ ಇಳಿಜಾರು. ಮುಖ್ಯ ನೆಲಕ್ಕೂ ಅದಕ್ಕೂ ನಡುವೆ ಆಳದ ಕಮರಿ, ಕಮರಿಗೆ ಅಡ್ಡಲಾಗಿ ಸೇತುವೆ. ಹಿಂದೆ ಅದು ಬೇಕೆಂದಾಗ ಎತ್ತಿಕೊಳ್ಳಬಹುದಾದ ಮರದ ಸೇತುವೆಯಾಗಿತ್ತು. ಬಂಡೆಯ ಬುಡದಲ್ಲಿ ಕಡಲು ಕೊರೆದ ಗವಿಯೊಂದಿದೆ. ಅದು ನೆಲದ ಕಡೆಯಿಂದ ಸಮುದ್ರದ ಕಡೆಗೆ ಆರುಪಾರು ತೆರೆದುಕೊಂಡಿದೆ. ಸಮುದ್ರ ಈ ಕೋಟೆಯ ಸುತ್ತ ಇರುವುದಷ್ಟೇ ಅಲ್ಲ, ಅಡಿಯಲ್ಲೂ ಇದೆ.

ಪೂರ್ವಕ್ಕೆ ಕೆಲವೇ ಕಿಲೋಮೀಟರ್ ದೂರದಲ್ಲಿ ಜಗತ್ಪ್ರಸಿದ್ಧವಾದ ಜೈಂಟ್ಸ್ ಕಾಸ್‌ವೇ ಇದೆ, ಷಟ್ಕೋನದ ಕಲ್ಲುಕಂಬಗಳ ಆ ಕರಾವಳಿ. ಸುಮಾರು 6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ ತಣ್ಣಗಾಗುವಾಗ ಕುಗ್ಗಿ ಬಿರುಕುಬಿಟ್ಟು ಆದ ಕಲ್ಲು ಇದು. ಬಸಾಲ್ಟ್ ಗಟ್ಟಿ ಕಲ್ಲೇ, ಆದರೆ ಆ ಬಿರುಕುಗಳೇ ಅದರ ದೌರ್ಬಲ್ಯ. ಅಲೆ ಬಿರುಕಿನೊಳಗೆ ನುಗ್ಗುತ್ತದೆ, ಒಳಗಿನ ಗಾಳಿ ಒತ್ತಡಕ್ಕೆ ಸಿಕ್ಕಿ ಮತ್ತೆ ಹಿಗ್ಗುತ್ತದೆ, ಕಲ್ಲಿನ ಕೀಲು ಸಡಿಲವಾಗುತ್ತದೆ. ನೂರಾರು ವರ್ಷ ಏನೂ ಆಗದಂತೆ ಕಂಡು, ಒಂದು ದಿನ ದೊಡ್ಡ ತುಂಡೊಂದು ಒಮ್ಮೆಗೇ ಜಾರುತ್ತದೆ. ಅಡುಗೆಮನೆಯ ಕಥೆಯನ್ನು ಜನ ನಂಬಿದ್ದಕ್ಕೆ ಈ ಬಂಡೆಯ ಸ್ವಭಾವವೂ ಕಾರಣ. ಕುಸಿತ ಅಲ್ಲಿ ಅಸಾಧ್ಯವಲ್ಲ. ಕುಸಿತ ಆಗಿಯೂ ಇದೆ. ಯಾವಾಗ, ಯಾವ ಗೋಡೆ, ಆಗ ಆ ಮನೆಯಲ್ಲಿ ಯಾರಾದರೂ ವಾಸವಿದ್ದರೇ ಎಂಬಲ್ಲಿ ಕಥೆ ದಾರಿ ತಪ್ಪುತ್ತದೆ.

ಮೊದಲ ಯಜಮಾನರು, ಎರಡನೆಯ ಯಜಮಾನರು

ಈ ಬಂಡೆಯ ಮೇಲೆ ಮೊದಲು ಕೋಟೆ ಕಟ್ಟಿಸಿದವನು ಐರ್ಲೆಂಡಿನ ಉತ್ತರ ಸೀಮೆಯಾದ ಆಲ್ಸ್ಟರಿನ 13ನೆಯ ಶತಮಾನದ ಅರ್ಲ್ ರಿಚರ್ಡ್ ದ ಬರ್ಗ್ ಎಂಬುದು ಪ್ರಚಲಿತ ಮಾತು. ದಾಖಲೆಯಲ್ಲಿ ಕೋಟೆ ಸ್ಪಷ್ಟವಾಗಿ ಕಾಣಿಸಿಕೊಳ್ಳುವುದು 1513ರಲ್ಲಿ, ಮೆಕ್‌ಕ್ವಿಲನ್ ಮನೆತನದ ಕೈಯಲ್ಲಿ. ಅವರು ರೂಟ್ ಎಂಬ ಸೀಮೆಯ ಪಾಳೆಯಗಾರರು. ಪೂರ್ವದ ಅಂಚಿನಲ್ಲಿ ಈಗಲೂ ನಿಂತಿರುವ ಎರಡು ದುಂಡು ಬುರುಜುಗಳು ಅವರ ಕಾಲದವು, ಒಂದೊಂದೂ ಸುಮಾರು 9 ಮೀಟರ್ ಅಗಲ. ಅವುಗಳಲ್ಲೊಂದರಲ್ಲಿ ಮೇವ್ ರೋ ಎಂಬ ಮೆಕ್‌ಕ್ವಿಲನ್ ಹುಡುಗಿಯನ್ನು ಅಪ್ಪ ಕೂಡಿಹಾಕಿದ್ದ, ಪ್ರಿಯಕರನ ಜೊತೆ ದೋಣಿಯಲ್ಲಿ ಪರಾರಿಯಾಗುವಾಗ ಅಲೆಗೆ ಸಿಕ್ಕಿ ಸತ್ತಳು, ಅವಳ ಆತ್ಮ ಇವತ್ತಿಗೂ ಬುರುಜಿನ ನೆಲ ಗುಡಿಸುತ್ತದೆ ಎಂಬ ಕಥೆಯೂ ಇದೆ. ಗಮನಿಸಿ, ಇಲ್ಲೂ ಸಾವನ್ನು ತರುವುದು ಸಮುದ್ರವೇ. ಈ ಜಾಗ ಇಂಥ ಕಥೆಗಳನ್ನು ತಾನಾಗಿ ಹುಟ್ಟಿಸುತ್ತದೆ.

ಮೆಕ್‌ಕ್ವಿಲನ್ನರನ್ನು ಹೊರದಬ್ಬಿದವರು ಮ್ಯಾಕ್‌ಡೊನೆಲ್ಲರು. ಮೂಲತಃ ಸ್ಕಾಟ್ಲೆಂಡಿನ ಪಶ್ಚಿಮ ದ್ವೀಪಗಳ ಜನ. ಕಿನ್‌ಟೈರ್ ಭೂಶಿರದಿಂದ ಆ್ಯಂಟ್ರಿಮ್ ತೀರಕ್ಕೆ ಅತಿ ಕಿರಿದಾದ ಕಡೆ ಸಮುದ್ರ 20 ಕಿಲೋಮೀಟರಿನಷ್ಟೇ ಅಗಲ. ಗಾಳಿ ಅನುಕೂಲವಾಗಿದ್ದರೆ ಬೆಳಿಗ್ಗೆ ಹೊರಟವರು ಹೊತ್ತು ಮುಳುಗುವುದರೊಳಗೆ ದಾಟಿಬಿಡಬಹುದಿತ್ತು. ನಮಗೆ ಗಡಿಯಂತೆ ಕಾಣುವ ಈ ನೀರು ಅವರಿಗೆ ರಸ್ತೆಯಾಗಿತ್ತು. ಡನ್‌ಲೂಸ್‌ನಂಥ ಕೋಟೆ ಆ ರಸ್ತೆಯ ಬದಿಯ ಠಾಣೆ. ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಕೋಟೆಯ ಬೆಲೆ ಇದ್ದದ್ದು ಕಡಲು ದಾರಿಯಾಗಿರುವವರೆಗೆ. ಸೈನ್ಯ, ಮದುವೆ, ದನ, ಧಾನ್ಯ ಎಲ್ಲ ಆ ದಾರಿಯಲ್ಲಿ ಓಡಾಡುವವರೆಗೆ.

ಈ ಮನೆತನದ ಅತಿ ದೊಡ್ಡ ಹೆಸರು ಸೋರ್ಲಿ ಬಾಯ್ ಮ್ಯಾಕ್‌ಡೊನೆಲ್. 1565ರಲ್ಲಿ ಗ್ಲೆನ್‌ಟೇಸಿ ಯುದ್ಧದಲ್ಲಿ ಆಲ್ಸ್ಟರಿನ ಐರಿಷ್ ಪಾಳೆಯಗಾರ ಶೇನ್ ಓನೀಲ್ ಅವನನ್ನು ಸೆರೆಹಿಡಿದ. ಕೋಟೆ ಬಿಟ್ಟುಕೊಡುವವರೆಗೆ ನಿಮ್ಮ ದೊರೆಗೆ ಅನ್ನನೀರಿಲ್ಲ ಎಂದು ಡನ್‌ಲೂಸ್‌ನ ಕಾವಲುಪಡೆಗೆ ಹೇಳಿಕಳಿಸಿದ ಎನ್ನುತ್ತಾರೆ. ಎರಡು ವರ್ಷದ ನಂತರ, 1567ರಲ್ಲಿ, ಆಸರೆ ಕೇಳಿ ಬಂದ ಶೇನ್ ಓನೀಲನನ್ನು ಕುಶೆಂಡನ್‌ನಲ್ಲಿ ಮ್ಯಾಕ್‌ಡೊನೆಲ್ಲರೇ ಕೊಂದರು. 1575ರಲ್ಲಿ ಇಂಗ್ಲಿಷ್ ಪಡೆ ಎದುರಿನ ರ‍್ಯಾತ್‌ಲಿನ್ ದ್ವೀಪಕ್ಕೆ ನುಗ್ಗಿ, ಸುರಕ್ಷಿತವೆಂದು ಅಲ್ಲಿ ಬಿಟ್ಟಿದ್ದ ಹೆಂಗಸರು ಮಕ್ಕಳನ್ನೂ ಸೇರಿಸಿ ನೂರಾರು ಜನರನ್ನು ಕಡಿದುಹಾಕಿತು. ಆ ಕಾಲದ ಕಾದಾಟದ ಕ್ರೌರ್ಯ ಎಂಥದ್ದೆಂದು ತಿಳಿಯಲು ಅದೊಂದು ಘಟನೆಯೇ ಸಾಕು.

1584ರಲ್ಲಿ ಇಂಗ್ಲೆಂಡಿನ ಪರವಾಗಿ ಐರ್ಲೆಂಡ್ ಆಳುತ್ತಿದ್ದ ಸರ್ ಜಾನ್ ಪೆರಟ್ ತೋಪುಗಳನ್ನು ತಂದು ಡನ್‌ಲೂಸ್‌ಗೆ ಮುತ್ತಿಗೆ ಹಾಕಿ ಗೆದ್ದ. ಕಡಲಿಗೆ ಬೆನ್ನು ಕೊಟ್ಟು ನಿಂತ ಕೋಟೆಗೆ ನೆಲದ ಕಡೆಯಿಂದ ಬಂದ ತೋಪನ್ನು ತಡೆಯಲಾಗಲಿಲ್ಲ. ಆದರೆ ಗೆದ್ದದ್ದು ದಕ್ಕಲಿಲ್ಲ. ಮರುವರ್ಷವೇ, ಒಳಗಿದ್ದ ತಮ್ಮ ಕಡೆಯವರು ಹಗ್ಗಕ್ಕೆ ಬುಟ್ಟಿ ಕಟ್ಟಿ ಇಳಿಬಿಟ್ಟು ಸೋರ್ಲಿಯ ಬಂಟರನ್ನು ಬಂಡೆಯ ಮೇಲಕ್ಕೆ ಎಳೆದುಕೊಂಡರೆಂದೂ, ಕೋಟೆಯ ಅಧಿಕಾರಿಯನ್ನು ಗೋಡೆಯಿಂದ ನೇಣಿಗೆ ಇಳಿಬಿಟ್ಟರೆಂದೂ ಹೇಳಿಕೆ. 1586ರಲ್ಲಿ ಸೋರ್ಲಿ ಬಾಯ್ ಡಬ್ಲಿನ್ನಿಗೆ ಹೋಗಿ ಎಲಿಜಬೆತ್ ರಾಣಿಗೆ ಶರಣೆಂದ. ಶರಣಾದದ್ದು ಗೆದ್ದ ಮೇಲೆ! ಯುದ್ಧದಲ್ಲಿ ಹಿಡಿದ ನೆಲಕ್ಕೆ ಕಾಗದದ ಬಲ ಬೇಕಿತ್ತು, ಅದು ಸಿಕ್ಕಿತು. 1590ರಲ್ಲಿ ಅವನು ತೀರಿಕೊಂಡ. ಬ್ಯಾಲಿಕ್ಯಾಸಲ್ ಬಳಿಯ ಬೋನಮಾರ್ಗಿ ಮಠದಲ್ಲಿ ಅವನನ್ನು ಮಣ್ಣುಮಾಡಿದರು.

ಸಮುದ್ರ ಕೊಟ್ಟದ್ದು

ಸಮುದ್ರ ಈ ಕೋಟೆಯಿಂದ ಕಿತ್ತುಕೊಂಡದ್ದರ ಕಥೆ ಎಲ್ಲರಿಗೂ ಗೊತ್ತು. ಕೊಟ್ಟದ್ದರ ಲೆಕ್ಕವೂ ಇದೆ, ಮತ್ತು ಅದು ಗಟ್ಟಿ ಇತಿಹಾಸ.

1588ರ ಅಕ್ಟೋಬರ್. ಇಂಗ್ಲೆಂಡಿನ ಮೇಲೆ ದಂಡೆತ್ತಿ ಬಂದು ಸೋತ ಸ್ಪೇನಿನ ಆರ್ಮಡಾ ನೌಕಾಪಡೆಯ ಅಳಿದುಳಿದ ಹಡಗುಗಳು ಸ್ಕಾಟ್ಲೆಂಡ್, ಐರ್ಲೆಂಡ್ ಬಳಸಿಕೊಂಡು ಊರು ಸೇರಲು ಹೆಣಗುತ್ತಿದ್ದವು. ಅವುಗಳಲ್ಲೊಂದು ಹುಟ್ಟು ಮತ್ತು ಹಾಯಿ ಎರಡೂ ಇದ್ದ ಹಿರೋನಾ ಎಂಬ ದೊಡ್ಡ ಹಡಗು. ಒಡೆದುಹೋದ ಬೇರೆ ಹಡಗುಗಳಿಂದ ಬದುಕುಳಿದವರನ್ನೂ ಹತ್ತಿಸಿಕೊಂಡು, ಸುಮಾರು 1,300 ಜನರೊಂದಿಗೆ ಅದು ಕಿಲ್ಲಿಬೆಗ್ಸ್ ಬಂದರಿನಿಂದ ಸ್ಕಾಟ್ಲೆಂಡಿನ ಕಡೆ ಹೊರಟಿತು. ಹೆಸರಾಂತ ದಳಪತಿ ಡಾನ್ ಅಲೋನ್ಸೊ ದೆ ಲೇವಾ ಅದರಲ್ಲಿದ್ದ. ಎರಡು ಹಡಗುಗಳಿಂದ ಪಾರಾಗಿ ಬಂದಿದ್ದ ಅವನಿಗೆ ಇದು ಮೂರನೆಯದು. ಜೈಂಟ್ಸ್ ಕಾಸ್‌ವೇ ಹತ್ತಿರದ ಲಕಾಡಾ ಮೂತಿಯ ಬಂಡೆಗೆ ಬಡಿದು ರಾತ್ರಿ ಹಡಗು ಚೂರಾಯಿತು. ಬದುಕಿದವರು ಬೆರಳೆಣಿಕೆಯಷ್ಟು. ಅವರಿಗೆ ಸೋರ್ಲಿ ಬಾಯ್ ಆಶ್ರಯ ಕೊಟ್ಟು ಸ್ಕಾಟ್ಲೆಂಡಿಗೆ ದಾಟಿಸಿದ. ಎರಡು ವರ್ಷದ ಹಿಂದಷ್ಟೇ ರಾಣಿಗೆ ಶರಣೆಂದವನು ರಾಣಿಯ ಶತ್ರುಗಳನ್ನು ದಡ ಮುಟ್ಟಿಸಿದ್ದು ಸಣ್ಣ ಧೈರ್ಯವಲ್ಲ.

ಹಡಗಿನಿಂದ ಎತ್ತಿದ ತೋಪುಗಳು ಡನ್‌ಲೂಸ್‌ನ ಗೋಡೆ ಏರಿದವು. ಉಳಿದ ಸಾಮಾನಿನಿಂದ ಬಂದ ಹಣ, ಪೆರಟ್‌ನ ಗುಂಡಿಗೆ ಜಖಂ ಆದ ಕೋಟೆಯ ದುರಸ್ತಿಗೆ ಆಯಿತು ಎನ್ನುತ್ತಾರೆ. ಮೂಲೆಗಳಲ್ಲಿ ಸ್ಕಾಟಿಷ್ ಶೈಲಿಯ ಪುಟ್ಟ ಗೋಪುರಗಳನ್ನು ಹೊತ್ತ ಈಗಿನ ಹೆಬ್ಬಾಗಿಲ ಕಟ್ಟಡ ಹೆಚ್ಚುಕಡಿಮೆ ಈ ಕಾಲದ್ದು. ಹಡಗಿನ ಅವಶೇಷವನ್ನು 1967ರಲ್ಲಿ ಬೆಲ್ಜಿಯಮ್ಮಿನ ಮುಳುಗುಗಾರ ರೋಬೆರ್ ಸ್ಟೆನ್ವಿ ಪತ್ತೆಹಚ್ಚಿದ. ಮಾಣಿಕ್ಯ ಕೂರಿಸಿದ ಚಿನ್ನದ ಸಾಲಮ್ಯಾಂಡರ್ ಪದಕವೂ ಸೇರಿ ಅಲ್ಲಿ ಸಿಕ್ಕ ಒಡವೆಗಳು ಈಗ ಬೆಲ್‌ಫಾಸ್ಟಿನ ಆಲ್ಸ್ಟರ್ ವಸ್ತುಸಂಗ್ರಹಾಲಯದಲ್ಲಿವೆ.

ಕೋಟೆ ಮನೆಯಾದದ್ದು

ಸೋರ್ಲಿಯ ಮಗ ರ‍್ಯಾಂಡಲ್ ಮ್ಯಾಕ್‌ಡೊನೆಲ್ ಅಪ್ಪನಿಗಿಂತ ಬೇರೆ ಜಾಯಮಾನದವನು. ಮೊದಲು ಇಂಗ್ಲಿಷ್ ಆಳ್ವಿಕೆಯ ವಿರುದ್ಧ ಓನೀಲರು ಎಬ್ಬಿಸಿದ ಬಂಡಾಯಕ್ಕೆ ಸೇರಿದ್ದವನು ಗಾಳಿ ಬದಲಾದದ್ದನ್ನು ಕಂಡು 1602ರಲ್ಲಿ ಸರ್ಕಾರದ ಕಡೆ ಬಂದ. 1603ರಲ್ಲಿ ಸ್ಕಾಟ್ಲೆಂಡಿನ ಅರಸನೇ ಒಂದನೆಯ ಜೇಮ್ಸ್ ಆಗಿ ಇಂಗ್ಲೆಂಡಿನ ಪಟ್ಟ ಏರಿದಾಗ, ಮೂರು ಲಕ್ಷ ಎಕರೆಗೂ ಮೀರಿದ ಸೀಮೆ ರ‍್ಯಾಂಡಲ್‌ನ ಹೆಸರಿಗೆ ಬಂತು. 1620ರಲ್ಲಿ ಆ್ಯಂಟ್ರಿಮ್‌ನ ಮೊದಲ ಅರ್ಲ್ ಆದ. ಸ್ವತಃ ಕ್ಯಾಥೊಲಿಕ್. ಆದರೂ ತನ್ನ ನೆಲದಲ್ಲಿ ಸ್ಕಾಟ್ಲೆಂಡಿನ ತಗ್ಗುನಾಡಿನ ಪ್ರಾಟೆಸ್ಟೆಂಟ್ ಒಕ್ಕಲುಗಳನ್ನು ತಾನಾಗಿ ಕರೆದು ನೆಲೆಗೊಳಿಸಿದ. ಅವನಿಗೆ ಬೇಕಿದ್ದದ್ದು ಗೇಣಿ, ವ್ಯಾಪಾರ, ನೆಮ್ಮದಿ.

ಕಲ್ಲಿನಲ್ಲಿ ಈ ಬದಲಾವಣೆ ಎದ್ದು ಕಾಣುತ್ತದೆ. ಬುರುಜುಗಳ ನಡುವೆ ದೊಡ್ಡ ಕಿಟಕಿಗಳ, ಹೊರಚಾಚಿದ ಮೊಗಸಾಲೆಗಳ ಇಂಗ್ಲಿಷ್ ಮಾದರಿಯ ಮನೆ ಎದ್ದಿತು. ಅದಕ್ಕೂ ಹಿಂದಿನ, ಇಟಲಿಯ ಮಾದರಿಯ ಕಲ್ಲುಕಂಬಗಳ ಪಡಸಾಲೆಯೊಂದರ ಅವಶೇಷವೂ ಅಲ್ಲಿದೆ. ಬಿಸಿಲಿಗೆಂದು ಕಟ್ಟುವ ಪಡಸಾಲೆಯ ಮುಖ ಇಲ್ಲಿ ಉತ್ತರಕ್ಕಿದೆ. ಸೇತುವೆಯ ಆಚೆ, ಮುಖ್ಯ ನೆಲದ ಮೇಲೆ, ಕುದುರೆ ಲಾಯ, ಬಿಯರ್ ತಯಾರಿಸುವ ಮನೆ, ಅತಿಥಿಗಳ ಕೋಣೆಗಳ ಅಂಗಳ ಬೆಳೆಯಿತು. ನೋಡಿದರೆ ಗೊತ್ತಾಗುತ್ತದೆ: ಮನೆತನ ಆಗಲೇ ಬಂಡೆಯಿಂದ ನೆಲದ ಕಡೆ ಜರುಗತೊಡಗಿತ್ತು. ಇಕ್ಕಟ್ಟಾದ, ಸದಾ ಗಾಳಿ ಹೊಡೆಯುವ, ಸರಕಿನ ಗಾಡಿ ಸಲೀಸಾಗಿ ಒಳಗೆ ಬರಲಾಗದ ಆ ಬಂಡೆ ಯುದ್ಧಕ್ಕೆ ಹೇಳಿ ಮಾಡಿಸಿದ್ದು. ಸಂಸಾರಕ್ಕೆ ಅಲ್ಲ.

ಇನ್ನು ಪಟ್ಟಣ. 1608ರ ಹೊತ್ತಿಗೆ ರ‍್ಯಾಂಡಲ್ ಕೋಟೆಯ ಬಾಗಿಲಲ್ಲೇ ಒಂದು ಹೊಸ ಊರು ಕಟ್ಟಿಸಿದ. ಇಂಗ್ಲೆಂಡ್, ಸ್ಕಾಟ್ಲೆಂಡಿನ ಜನರನ್ನು ತಂದು ನೆಲೆಗೊಳಿಸುವ ಸರ್ಕಾರದ ಆಲ್ಸ್ಟರ್ ವಲಸೆ ಯೋಜನೆ ಶುರುವಾಗುವುದಕ್ಕೂ ಮೊದಲಿನ ಮಾತಿದು. ಈ ಊರು ನೆಲದಡಿ ಎಷ್ಟು ಚೆನ್ನಾಗಿ ಉಳಿದಿದೆಯೆಂದು ಲೋಕಕ್ಕೆ ಗೊತ್ತಾದದ್ದು ತೀರ ಈಚೆಗೆ, 2011ರ ಸುಮಾರಿಗೆ ನಡೆದ ಉತ್ಖನನದಲ್ಲಿ. ಹುಲ್ಲುಗಾವಲಿನ ಅಡಿಯಲ್ಲಿ ಕಲ್ಲು ಹಾಸಿದ ಬೀದಿಗಳು, ಚೌಕಳಿಯಾಗಿ ಹಾಕಿದ ನಕ್ಷೆ, ವರ್ತಕರ ಮನೆಗಳ ತಳಪಾಯ, ಮನೆಯೊಳಗೇ ಶೌಚದ ವ್ಯವಸ್ಥೆ ಸಿಕ್ಕವು. ಕಾಡುಗಡಿಯ ಒರಟು ಗುಡಿಸಲುಗಳಲ್ಲ, ಯೋಚಿಸಿ ಕಟ್ಟಿದ ವ್ಯಾಪಾರದ ಊರು.

ಆ ಊರಿಗೆ ಒಂದು ಹುಟ್ಟುಕೊರತೆಯಿತ್ತು. ಕಡಲಂಚಿನಲ್ಲಿದ್ದೂ ಅದಕ್ಕೆ ಸರಿಯಾದ ಬಂದರು ಇರಲಿಲ್ಲ. ಎದುರಿಗಿರುವುದು ಪ್ರಪಾತ. ದೊಡ್ಡ ಹಡಗು ನಿಲ್ಲಿಸಲು ಜಾಗವಿಲ್ಲ. ಹತ್ತು ಹನ್ನೆರಡು ಕಿಲೋಮೀಟರ್ ಆಚೆ, ಬ್ಯಾನ್ ನದಿಯ ದಡದಲ್ಲಿ ಕೊಲ್‌ರೇನ್ ಪಟ್ಟಣವನ್ನು ಲಂಡನ್ನಿನ ವರ್ತಕ ಕಂಪನಿಗಳು ಹಣ ಸುರಿದು ಬೆಳೆಸುತ್ತಿದ್ದವು. ನದಿ, ಸಾಲ ಕೊಡುವ ಲಂಡನ್ ಇರುವ ಊರಿನ ಎದುರು ಬಂಡೆಯ ನೆತ್ತಿಯ ಪೇಟೆ ಎಷ್ಟು ಕಾಲ ನಿಂತೀತು? ಡನ್‌ಲೂಸ್ ಪಟ್ಟಣವನ್ನು ಬೆಂಕಿ ಮುಗಿಸಿತು ಎನ್ನುವುದು ನಿಜ. ಬೆಂಕಿಯ ನಂತರ ಅದು ಮತ್ತೆ ತಲೆಯೆತ್ತದೆ ಹೋದದ್ದಕ್ಕೆ ಮುಖ್ಯ ಕಾರಣ ಈ ಬಂದರಿಲ್ಲದ ಇರವು ಎಂದು ನನ್ನ ಅಭಿಪ್ರಾಯ.

1639 ಮತ್ತು ಅದರ ಮರುವರ್ಷಗಳು

ಮೊದಲ ಅರ್ಲ್ 1636ರಲ್ಲಿ ತೀರಿಕೊಂಡ. ಮಗನ ಹೆಸರೂ ರ‍್ಯಾಂಡಲ್. ಅವನು ಆಸ್ಥಾನದ ಮನುಷ್ಯ. 1635ರಲ್ಲಿ ಮದುವೆಯಾದದ್ದು ಕ್ಯಾಥರಿನ್ ಮ್ಯಾನರ್ಸ್‌ಳನ್ನು. ಏಳು ವರ್ಷದ ಹಿಂದೆ ಪೋರ್ಟ್ಸ್‌ಮತ್‌ನಲ್ಲಿ ಕೊಲೆಯಾದ ಬಕಿಂಗ್‌ಹ್ಯಾಮ್ ಡ್ಯೂಕನ ವಿಧವೆ, ಇಂಗ್ಲೆಂಡಿನ ಅತಿ ಶ್ರೀಮಂತ ಹೆಂಗಸರಲ್ಲೊಬ್ಬಳು. ಕಥೆಯಲ್ಲಿ ಬರುವ ಯಜಮಾನಿ ಇವಳೇ. ಅವಳ ಜೊತೆ ಡನ್‌ಲೂಸ್‌ಗೆ ಬಂದ ಸಾಮಾನು ಸರಂಜಾಮಿನ ಪಟ್ಟಿಯಲ್ಲಿ ಬೆಲೆಬಾಳುವ ಚಿತ್ರಪಟ ಕಂಬಳಿಗಳು, ಕುರ್ಚಿಗಳು, ಹ್ಯಾಂಪ್ಟನ್ ಕೋರ್ಟ್ ಅರಮನೆಯಲ್ಲಿ ಹಿಂದೆ ಕಾರ್ಡಿನಲ್ ವುಲ್ಸೀಯದ್ದಾಗಿದ್ದ ಪರದೆಗಳು ಇದ್ದವು ಎನ್ನುತ್ತಾರೆ. ಲಂಡನ್ನಿನ ಬದುಕಿನ ಖರ್ಚು, ಅದಕ್ಕೆ ತಕ್ಕ ಸಾಲವೂ ಬೆನ್ನಿಗಿದ್ದವು.

ಈಗ 1639ನ್ನು ನೋಡೋಣ. ಕಥೆಯ ಪ್ರಕಾರ ದಂಪತಿ ಕೋಟೆ ಬಿಟ್ಟ ವರ್ಷ. ದಾಖಲೆಯ ಪ್ರಕಾರ ಆ ವರ್ಷ ಅರ್ಲ್‌ನ ತಲೆ ತುಂಬ ಇದ್ದದ್ದು ಬೇರೆ ವಿಷಯ. ಒಂದನೆಯ ಚಾರ್ಲ್ಸ್ ಅರಸನಿಗಾಗಿ ಆಲ್ಸ್ಟರಿನಲ್ಲಿ ಸೈನ್ಯ ಕೂಡಿಸಿ, ಸ್ಕಾಟ್ಲೆಂಡಿನ ಪಶ್ಚಿಮಕ್ಕೆ ದಾಟಿ, ಬಂಡೆದ್ದ ಅಲ್ಲಿನ ಪ್ರಾಟೆಸ್ಟೆಂಟರ ಮೇಲೆ ಬೀಳುವ ಯೋಜನೆಗೆ ಅವನು ಕೈಹಾಕಿದ್ದ. ಆ ದಂಡಯಾತ್ರೆ ನಡೆಯಲಿಲ್ಲ, ಶತ್ರುಗಳು ಮಾತ್ರ ಅದನ್ನು ಮರೆಯಲಿಲ್ಲ.

1641ರ ಅಕ್ಟೋಬರಿನಲ್ಲಿ ಐರಿಷ್ ಕ್ಯಾಥೊಲಿಕರ ದಂಗೆ ಸಿಡಿಯಿತು. ಅದರ ಬಿಸಿ ಡನ್‌ಲೂಸ್‌ಗೂ ತಟ್ಟಿ, ಪಟ್ಟಣ ಸುಟ್ಟುಹೋಯಿತು. ಕೋಟೆ ಬೀಳಲಿಲ್ಲ. 1642ರಲ್ಲಿ ಸ್ಕಾಟಿಷ್ ಸೈನ್ಯದೊಂದಿಗೆ ಬಂದಿಳಿದ ಸೇನಾಪತಿ ರಾಬರ್ಟ್ ಮನ್ರೋ ಡನ್‌ಲೂಸ್‌ಗೆ ಬಂದ. ಅರ್ಲ್ ಬರಮಾಡಿಕೊಂಡು ಸತ್ಕರಿಸಿದ. ಮನ್ರೋ ಆತಿಥೇಯನನ್ನು ಅಲ್ಲೇ ಬಂಧಿಸಿ ಕ್ಯಾರಿಕ್‌ಫರ್ಗಸ್‌ಗೆ ಒಯ್ದ.

ಅಡುಗೆಮನೆಯ ಕಥೆಗೆ ಇದಕ್ಕಿಂತ ದೊಡ್ಡ ಹೊಡೆತ ಬೇಕಿಲ್ಲ. 1639ರಲ್ಲಿ ಹೆದರಿ ಶಾಶ್ವತವಾಗಿ ತೊರೆದುಹೋದ ಮನೆಯಲ್ಲಿ 1642ರಲ್ಲಿ ಯಜಮಾನ ಅತಿಥಿಸತ್ಕಾರ ಮಾಡುತ್ತಿರುವುದು ಹೇಗೆ? ಕಲ್ಲು ಒಂದು ಸಾಕ್ಷಿ, ಅಡುಗೆಮನೆ ನಿಂತಿದೆ. ಕಾಗದ ಇನ್ನೊಂದು ಸಾಕ್ಷಿ, ಮನೆಯಲ್ಲಿ ಜನವಿದ್ದಾರೆ. ಚಿತ್ರಗಳ ಸಾಕ್ಷಿ ಮೂರನೆಯದು. ಕಡಲಿಗೆ ಬಿದ್ದದ್ದು ಉತ್ತರದ ಅಂಚಿನಲ್ಲಿದ್ದ ವಾಸದ ಕಟ್ಟಡವೊಂದರ ಉತ್ತರ ಗೋಡೆ. ಅದರ ಉಳಿದ ಮೂರು ಗೋಡೆಗಳು ಇನ್ನೂ ನಿಂತಿವೆ. ಹಳೆಯ ಚಿತ್ರಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ ಆ ಗೋಡೆ ಬಿದ್ದದ್ದು 18ನೆಯ ಶತಮಾನದಲ್ಲಿ ಎಂದು ತಿಳಿಯುತ್ತದೆ. ಅಷ್ಟು ಹೊತ್ತಿಗೆ ಮನೆ ಬರಿದಾಗಿ ದಶಕಗಳೇ ಕಳೆದಿದ್ದವು. ಕೋಟೆ ಕುಸಿದದ್ದರಿಂದ ಜನ ಬಿಟ್ಟುಹೋಗಲಿಲ್ಲ. ಜನ ಬಿಟ್ಟುಹೋದ ಎಷ್ಟೋ ಕಾಲದ ಮೇಲೆ ಕೋಟೆ ಕುಸಿಯಿತು.

ಈ ಹಿಂದುಮುಂದು ಸಣ್ಣ ವಿಷಯವಲ್ಲ. ವಾಸವಿರುವ ಮನೆಯಲ್ಲಿ ಬಿರುಕು ಕಂಡರೆ ಮರುದಿನವೇ ಗಾರೆಯವರು ಬರುತ್ತಾರೆ. ಮಾಡಿನ ಹೆಂಚು ಜಾರಿದರೆ ಮಳೆಗೆ ಮುಂಚೆ ಯಾರೋ ಏರಿ ಸರಿಮಾಡುತ್ತಾರೆ. ಜನ ಹೋದ ಮೇಲೆ ಮಾಡು ಸೋರುತ್ತದೆ, ತೊಲೆ ಕೊಳೆಯುತ್ತದೆ. ಗೋಡೆಗಳನ್ನು ಒಂದಕ್ಕೊಂದು ಹಿಡಿದಿಟ್ಟಿದ್ದ ತೊಲೆಯೇ ಹೋದ ಮೇಲೆ ಗೋಡೆ ಒಂಟಿ. ಗಾರೆಯ ಸುಣ್ಣವನ್ನು ಉಪ್ಪುಗಾಳಿ, ಮಳೆ ತಿನ್ನುತ್ತವೆ. ಆಮೇಲೆ ಬಂಡೆಯ ಅಂಚು ಸ್ವಲ್ಪ ಜರುಗಿದರೂ ಸಾಕು. ಡನ್‌ಲೂಸ್‌ನಲ್ಲಿ ಕಡಲು ಮಾಡಿದ್ದು ಕೊನೆಯ ಕೆಲಸ.

ಮನೆತನ ಬಂಡೆ ಬಿಟ್ಟದ್ದು

ಎರಡನೆಯ ಅರ್ಲ್‌ನ ಉಳಿದ ಬದುಕು ಒಂದು ದೊಡ್ಡ ಗ್ರಂಥಕ್ಕಾಗುವಷ್ಟು. ಸೆರೆಯಿಂದ ತಪ್ಪಿಸಿಕೊಂಡ, ಮತ್ತೆ ಸಿಕ್ಕಿಬಿದ್ದ, ಮತ್ತೆ ತಪ್ಪಿಸಿಕೊಂಡ. 1644ರಲ್ಲಿ ಅಲಾಸ್ಡರ್ ಮ್ಯಾಕ್‌ಕೊಲ್ಲಾನ ನಾಯಕತ್ವದಲ್ಲಿ ಸ್ಕಾಟ್ಲೆಂಡಿಗೆ ಪಡೆ ಕಳಿಸಿ ಅಲ್ಲಿನ ಯುದ್ಧದ ದಿಕ್ಕನ್ನೇ ಕೆಲಕಾಲ ಬದಲಿಸಿದ. 1649ರಲ್ಲಿ ಕ್ಯಾಥರಿನ್ ತೀರಿಕೊಂಡಳು. ಇಂಗ್ಲೆಂಡಿನ ಅರಸೊತ್ತಿಗೆಯನ್ನು ಉರುಳಿಸಿದ ಕ್ರಾಮ್‌ವೆಲ್ ಆಳ್ವಿಕೆಯಲ್ಲಿ ಜಮೀನೆಲ್ಲ ಸೈನಿಕರಿಗೆ, ಸಾಲ ಕೊಟ್ಟ ಹೂಡಿಕೆದಾರರಿಗೆ ಹಂಚಿಹೋಯಿತು. ಅರಸೊತ್ತಿಗೆ ಮರಳಿದ ಮೇಲೆ, ದೊಡ್ಡ ವಿವಾದದ ನಂತರ, 1665ರಲ್ಲಿ ಆಸ್ತಿ ಕೈಗೆ ಬಂತು. ಡನ್‌ಲೂಸ್‌ನ ಹಳೆಯ ವೈಭವ ಮಾತ್ರ ಮರಳಲಿಲ್ಲ. ಮನೆತನ ಹತ್ತಿರದ ಬ್ಯಾಲಿಮಗ್ಯಾರಿ ಎಂಬಲ್ಲಿ, ಬಯಲಿನ ನೆಲದ ಮೇಲೆ, ಮನೆ ಮಾಡಿಕೊಂಡಿತು.

1683ರಲ್ಲಿ ಎರಡನೆಯ ಅರ್ಲ್ ಸತ್ತ ಮೇಲೆ ಪದವಿ ತಮ್ಮ ಅಲೆಕ್ಸಾಂಡರನಿಗೆ ಬಂತು. 1688ರ ಡಿಸೆಂಬರಿನಲ್ಲಿ ಡೆರಿ ನಗರದ ಬಾಗಿಲನ್ನು ಎಳೆಯ ಕೆಲಸಗಾರ ಹುಡುಗರು ಮುಚ್ಚಿದ ಘಟನೆ ಐರಿಷ್ ಇತಿಹಾಸದಲ್ಲಿ ಬಹು ಪ್ರಸಿದ್ಧ. ಆ ಬಾಗಿಲು ಮುಚ್ಚಿದ್ದು ಇದೇ ಮೂರನೆಯ ಅರ್ಲ್‌ನ ದಳದ ಮುಖಕ್ಕೆ. ಪಟ್ಟ ಕಳೆದುಕೊಂಡ ಕ್ಯಾಥೊಲಿಕ್ ಅರಸ ಎರಡನೆಯ ಜೇಮ್ಸ್‌ನ ಪಕ್ಷ ಹಿಡಿದ ಮನೆತನ 1690ರ ಬಾಯ್ನ್ ಯುದ್ಧದ ಸೋಲಿನೊಂದಿಗೆ ಕುಗ್ಗಿತು. ಆ ಯುದ್ಧ ಮುಗಿಸಿದ ಲಿಮರಿಕ್ ಒಪ್ಪಂದದಿಂದ ಜಮೀನು ಉಳಿದರೂ, ಗಾಳಿಗೆ ಎದೆಕೊಟ್ಟ ಆ ಹಳೆಯ ಕೋಟೆಯ ಮೇಲೆ ಹಣ ಸುರಿಯುವ ಶಕ್ತಿ ಉಳಿದಿರಲಿಲ್ಲ, ಸುರಿಯುವ ಅಗತ್ಯವೂ ಉಳಿದಿರಲಿಲ್ಲ. ಸ್ಕಾಟ್ಲೆಂಡಿಗೂ ಆಲ್ಸ್ಟರಿಗೂ ನಡುವೆ ಒಂದೇ ಮನೆತನದ ದೋಣಿಗಳು ಸೈನ್ಯ ಸಾಗಿಸುವ ಕಾಲ ಮುಗಿದಿತ್ತು. 18ನೆಯ ಶತಮಾನದ ಹೊತ್ತಿಗೆ ಅರ್ಲ್‌ಗಳ ಮುಖ್ಯ ನೆಲೆ ಪೂರ್ವ ಕರಾವಳಿಯ ಗ್ಲೆನಾರ್ಮ್ ಆಯಿತು, ಇಂದಿಗೂ ಅದೇ. 1928ರಲ್ಲಿ ಡನ್‌ಲೂಸ್ ಸರ್ಕಾರದ ರಕ್ಷಣೆಗೆ ಬಂತು.

ಪ್ರಕರಣದ ಬಾಕಿ ಭಾಗ

ಇಷ್ಟೆಲ್ಲ ಹೇಳಿದ ಮೇಲೂ ಅಡುಗೆಮನೆಯ ಕಥೆಯನ್ನು ಬರೀ ಸುಳ್ಳೆಂದು ತಳ್ಳಲು ನನಗೆ ಮನಸ್ಸಿಲ್ಲ. ಅದರಲ್ಲಿ ಸತ್ತವರು ಅಡುಗೆಯವರು, ಉಳಿದವನು ಕೂಲಿಯ ಹುಡುಗ. ಅರ್ಲ್‌ಗಳ, ಸೇನಾಪತಿಗಳ, ಪಟ್ಟಾಪತ್ರಗಳ ಇತಿಹಾಸದಲ್ಲಿ ಎಲ್ಲೂ ಹೆಸರಿಲ್ಲದ ಜನ ಮುನ್ನೆಲೆಗೆ ಬರುವುದು ಈ ಕಥೆಯಲ್ಲಿ ಮಾತ್ರ. ಜನ ಇದನ್ನು ಇಷ್ಟು ಕಾಲ ಕಾಪಾಡಿಕೊಂಡು ಬಂದದ್ದಕ್ಕೆ ಅದೂ ಕಾರಣವಿರಬಹುದು. ನನ್ನ ತಕರಾರು ಬೇರೆ. ಈ ಕಥೆ ಪಟ್ಟಣವನ್ನು ಪೂರ್ತಿ ನುಂಗಿಹಾಕುತ್ತದೆ. 1641ರ ದಂಗೆಯ ಕಾಲದಲ್ಲಿ ಮನೆಮಠ ಕಳೆದುಕೊಂಡ ಸ್ಕಾಟಿಷ್ ವರ್ತಕರು, ಕಮ್ಮಾರರು, ಅವರ ಮನೆಯವರು, ಅವರಿಗಿಂತ ಮುಂಚೆ ಆ ನೆಲದಲ್ಲಿ ಉಳುತ್ತಿದ್ದ ಐರಿಷ್ ಒಕ್ಕಲುಗಳು, ಇವರ ನಷ್ಟದ ಜಾಗದಲ್ಲಿ ಕಥೆ ಒಂದು ಬಿರುಗಾಳಿಯನ್ನು ತಂದು ನಿಲ್ಲಿಸುತ್ತದೆ. ಬಿರುಗಾಳಿಯನ್ನು ಯಾರೂ ಹೊಣೆ ಮಾಡುವಂತಿಲ್ಲ. ಊರಿಗೆ ಬೆಂಕಿ ಇಟ್ಟವರು ಮನುಷ್ಯರು, ಅದಕ್ಕೆ ಕಾರಣವಾದ ಸಿಟ್ಟನ್ನು ದಶಕಗಳ ಕಾಲ ಬೆಳೆಸಿದವರೂ ಮನುಷ್ಯರೇ.

ಪ್ರವಾಸಿಗಳ ಕ್ಯಾಮೆರಾ ತಿರುಗುವುದು ಸಹಜವಾಗಿ ಬಂಡೆಯ ಕಡೆಗೆ. ಬಂಡೆಯ ಅಂಚನ್ನು ಗಮನಿಸುತ್ತಿರಬೇಕು, ಗೋಡೆಗಳಿಗೆ ಸುಣ್ಣದ ಗಾರೆ ತುಂಬಬೇಕು, ಅದೆಲ್ಲ ಸರಿಯೇ. ಆದರೆ ಈ ಪ್ರಕರಣದ ತೆರೆಯದ ಕಡತ ಇರುವುದು ರಸ್ತೆಗೂ ಕೋಟೆಗೂ ನಡುವಿನ ಹುಲ್ಲುನೆಲದಲ್ಲಿ. ಪಟ್ಟಣದ ಶೇ 95ರಷ್ಟು ಭಾಗ ಇನ್ನೂ ಮಣ್ಣಿನಡಿಯೇ ಇದೆ ಎನ್ನಲಾಗುತ್ತದೆ. ಬೆಂಕಿಯ ನಂತರ ಮನೆಗಳು ಒಮ್ಮೆಗೇ ಖಾಲಿಯಾದವೇ, ಅಥವಾ ಕೆಲವು ಕುಟುಂಬಗಳು ಸುಟ್ಟ ಗೋಡೆಗೆ ಸೂರು ಹಾಕಿಕೊಂಡು ಇನ್ನಷ್ಟು ವರ್ಷ ಬಾಳಿದವೇ? ಬೂದಿಯ ಪದರದ ಮೇಲೆ ಹೊಸ ನೆಲಗಟ್ಟು ಇದೆಯೇ, ಅದರ ಮೇಲೆ ಬಿದ್ದ ನಾಣ್ಯ, ಮಡಕೆ ಚೂರು, ತಂಬಾಕಿನ ಮಣ್ಣುಕೊಳವೆ ಯಾವ ಕಾಲದವು ಎಂಬುದನ್ನು ಮನೆಮನೆಯಾಗಿ ಅಗೆದು ನೋಡಿದರೆ ಇದಕ್ಕೆ ಉತ್ತರ ಸಿಗುತ್ತದೆ. ಕೊಲ್‌ರೇನ್ ಡನ್‌ಲೂಸ್‌ನ ಜೀವ ಹೀರಿತು ಎಂಬ ನನ್ನ ವಾದ ನಿಲ್ಲುವುದೋ ಬೀಳುವುದೋ ಕೂಡ ಅಲ್ಲೇ ತೀರ್ಮಾನವಾಗಬೇಕು.